ಕೆನ್ನೆಗೆ ಹಿಡಿದ ಗೂಡು

“ಒಂದು ಜಾಸ್ತಿ ಐತೆ ಅಂತೀರಲ್ಲ ಮೇಡಮ್ಮ, ಅದ್ನ ತೆಗೆಸಕ್ಕಾಗಲ್ವಾ?”

ಅಜ್ಜಿ ಕೇಳಿದ್ದು ಇಷ್ಟೇ. ನನ್ನ ತೊಡೆಯ ಮೇಲೆ ಚಾರ್ಟು ಬಿಚ್ಚಿಕೊಂಡಿತ್ತು. ಅದರಲ್ಲಿ ನಲವತ್ತಾರು ಪುಟ್ಟ ದಾರದೆಳೆಗಳ ಚಿತ್ರ, ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಇನ್ನೊಂದು. ನಮ್ಮ ಮೈಯ ಒಂದೊಂದು ಕಣದಲ್ಲೂ ಇಂಥ ನಲವತ್ತಾರು ಎಳೆ ಇರುತ್ತವೆ, ನಿಮ್ಮ ಮೊಮ್ಮಗಳಿಗೆ ನಲವತ್ತೇಳು ಇವೆ, ಇದಕ್ಕೆ ಡೌನ್ ಸಿಂಡ್ರೋಮ್ ಅಂತಾರೆ, ಇದು ರೋಗವಲ್ಲ, ಯಾರ ತಪ್ಪೂ ಅಲ್ಲ ಎಂದು ನಾನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೆ.

“ತೆಗೆಸಕ್ಕಾಗಲ್ಲ ಅಜ್ಜಿ. ಮೈಯೆಲ್ಲಾ ಇದೆ ಅದು.”

“ಮೈಯೆಲ್ಲಾ ಇದ್ರೆ ಬುಡಿ ಮತ್ತೆ,” ಎಂದು ಅಜ್ಜಿ ಎಲೆ ಅಡಿಕೆ ಚೀಲ ಬಿಚ್ಚಿದರು. ಅವರ ಪಕ್ಕದಲ್ಲಿ ಹುಡುಗಿ ಸ್ಕೂಲ್ ಬ್ಯಾಗು ತಗುಲಿಸಿಕೊಂಡೇ ಕೂತಿದ್ದಳು. ಬೇಸಿಗೆ ರಜೆ. ಆದರೂ ಯಾರೇ ಮನೆಗೆ ಬಂದರೂ ಅವಳು ಬ್ಯಾಗು ಹಾಕಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದಳಂತೆ, ಯಾರೋ ಒಬ್ಬರು ಶಾಲೆಗೆ ಕರೆದುಕೊಂಡು ಹೋಗುತ್ತಾರೆ ಅಂತ.

ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಊರೂರಿಗೆ ಹೋಗಿ ಗುರುತಿಸಿ, ಶಾಲೆಗೆ ಸೇರಿಸಿ, ಅಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸಂಪನ್ಮೂಲ ಶಿಕ್ಷಕಿ ಎಂದು ಹೆಸರು. ಸಂಪನ್ಮೂಲ ಅಂದರೆ ಒಂದು ಸ್ಕೂಟಿ, ಒಂದು ಕಪ್ಪು ಬ್ಯಾಗು. ಬ್ಯಾಗಿನಲ್ಲಿ ಮಣಿ, ಚಿತ್ರದ ಕಾರ್ಡು, ಆಕಾರ ಜೋಡಿಸುವ ಹಲಗೆ, ಈ ಚಾರ್ಟು, ಮತ್ತೆ ಫಾರಂಗಳ ಕಟ್ಟು. ಆಗ ನಾನು ಮಾಗಡಿ ಕಡೆಯಿಂದ ಕನಕಪುರದ ಕಡೆಗೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಮರಳವಾಡಿಯಿಂದ ಒಳಗೆ ಹೋಗುವ ಒಂದು ಹಳ್ಳಿಯಲ್ಲಿತ್ತು ಈ ಮನೆ.

ವರ್ಗ ನಾನೇ ಕೇಳಿ ಪಡೆದದ್ದು. ಮಾಗಡಿ ಕಡೆ ಇಂಥದೇ ಒಂದು ಹೆಣ್ಣು ಮಗು ಇತ್ತು, ಆರು ವರ್ಷದ್ದು. ಅದನ್ನು ಒಂದನೇ ತರಗತಿಗೆ ಸೇರಿಸಲು ಮೂರು ತಿಂಗಳು ಓಡಾಡಿದ್ದೆ. ಅದರ ಅಪ್ಪ, ಅಮ್ಮ, ಟೀಚರು, ಪಂಚಾಯ್ತಿಯವರು, ಎಲ್ಲರಿಗೂ ಇದೇ ಚಾರ್ಟು ಬಿಚ್ಚಿ ವಿವರಿಸಿದ್ದೆ. ಈ ಮಕ್ಕಳಲ್ಲಿ ಹೃದಯದ ತೊಂದರೆ ಇರಬಹುದು ಎಂಬ ಸಾಲೂ ಆ ವಿವರಣೆಯಲ್ಲಿತ್ತು. ಹೇಳಿದ್ದೆ, ಆದರೆ ಪರೀಕ್ಷೆ ಮಾಡಿಸಿರಲಿಲ್ಲ. ಮಗು ಶಾಲೆಗೆ ಹೋದದ್ದು ಹತ್ತೊಂಬತ್ತು ದಿನ. ಆಮೇಲೆ ತೀರಿಕೊಂಡಿತು. ನನ್ನ ತಪ್ಪು ಎಂದು ಯಾರೂ ಹೇಳಲಿಲ್ಲ. ಅಂದಿನಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಕಾಲು ಮಡಿಸಿ ಕೂತು ಜೋಮು ಹಿಡಿದ ಹಾಗೆ. ಕೆಲಸ ಮಾತ್ರ ನಡೆಯುತ್ತಿತ್ತು. ಹೋಗುವುದು, ಚಾರ್ಟು ಬಿಚ್ಚುವುದು, ಫಾರಂ ತುಂಬುವುದು, ಬರುವುದು.

ಈ ಹುಡುಗಿಗೆ ಹತ್ತು ತುಂಬಿ ಹನ್ನೊಂದು ನಡೆಯುತ್ತಿತ್ತು. ಅವಳ ಹಳ್ಳಿಯ ಶಾಲೆಯಲ್ಲಿ ಇದ್ದದ್ದು ನಾಲ್ಕನೇ ತರಗತಿವರೆಗೆ ಮಾತ್ರ. ಅಲ್ಲಿ ಅವಳನ್ನು ಮೂಲೆಯಲ್ಲಿ ಕೂರಿಸಿಕೊಂಡು ಹೇಗೋ ನಾಲ್ಕು ವರ್ಷ ದೂಡಿದ್ದರು. ಐದಕ್ಕೆ ಎರಡು ಮೈಲಿ ಆಚೆಯ ಊರಿನ ದೊಡ್ಡ ಶಾಲೆಗೆ ಹೋಗಬೇಕು. ಅಲ್ಲಿಯ ಹೆಡ್‌ಮಾಸ್ಟರು, ಮನೆಯಲ್ಲೇ ಇರಲಿ, ಗೃಹಾಧಾರಿತ ಶಿಕ್ಷಣ ಎಂದು ಬರೆದುಕೊಡಿ ಅಂದಿದ್ದರು. ಹಾಗೆ ಬರೆದುಕೊಟ್ಟರೆ ವಾರಕ್ಕೊಮ್ಮೆ ಯಾರಾದರೂ ಬಂದು ಅರ್ಧ ಗಂಟೆ ಕೂತು ಹೋಗುತ್ತಾರೆ. ಹುಡುಗಿ ಇನ್ನು ಬೇರೆ ಮಕ್ಕಳ ಮುಖ ನೋಡುವುದಿಲ್ಲ. ಶಾಲೆ ತೆರೆಯುವುದಕ್ಕೆ ನಾಲ್ಕು ವಾರ ಉಳಿದಿತ್ತು.

ಆ ಮನೆಗೆ ಮೂರು ಸಲ ಹೋದೆ. ಮೂರು ಸಲವೂ ಜಗಲಿಯಿಂದ ಒಳಗೆ ಕರೆಯಲಿಲ್ಲ. ಅಜ್ಜಿ ಹುಡುಗಿಯ ಕೈ ಹಿಡಿದು ಹೊರಗೆ ಕರೆತರುತ್ತಿದ್ದರು. ತಾಯಿ ಬಾಗಿಲ ಒಳಗೇ ನಿಂತು, “ಹುಳಾ ಅವೆ ಮೇಡಮ್ಮ, ತಪ್ಪು ತಿಳ್ಕಬೇಡಿ,” ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಮರೆಯಾಗುತ್ತಿದ್ದಳು. ರೇಷ್ಮೆ ಹುಳು ಸಾಕಿದ ಮನೆಯೊಳಗೆ ಹೊರಗಿನವರು ಕಾಲಿಡಬಾರದು. ಸೋಂಕು ತಗುಲುತ್ತದೆ ಎಂಬುದೂ ಇದೆ, ಕಣ್ಣು ಬೀಳುತ್ತದೆ ಎಂಬುದೂ ಇದೆ. ರಾಮನಗರದಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಫಾರಂನಲ್ಲಿ ‘ಪೋಷಕರ ಸಹಕಾರ: ಕಡಿಮೆ’ ಎಂದು ಬರೆದೆ. ಮಗುವನ್ನು ಒಳಗೆ ಬಚ್ಚಿಡುವ ಮನೆಗಳನ್ನು ನೋಡಿ ನೋಡಿ ಕೈಗೆ ಅದೇ ರೂಢಿಯಾಗಿತ್ತು.

ಪರೀಕ್ಷೆಯನ್ನೂ ಜಗಲಿಯ ಮೇಲೆಯೇ ಮಾಡಿದೆ. ಎದುರಿಗೇ ರಸ್ತೆ, ಟ್ರ್ಯಾಕ್ಟರು, ಟೆಂಪೊ. ಆಕಾರ ಜೋಡಿಸುವ ಹಲಗೆ ಕೊಟ್ಟಾಗ ಹುಡುಗಿ ಬೇಗ ಜೋಡಿಸಿದಳು. ಬಣ್ಣದ ಮಣಿ ಬೇರೆ ಬೇರೆ ಮಾಡಿದಳು. ಚಿತ್ರದಲ್ಲಿ ಹಸು ಯಾವುದು ಎಂದು ಕೇಳಿದೆ, ನನ್ನ ಬಾಯನ್ನೇ ನೋಡುತ್ತಾ ಕೂತಳು. ಮಣಿಗಳನ್ನು ಡಬ್ಬಿಗೆ ಹಾಕು ಅಂದೆ, ನಕ್ಕಳು. ಇನ್ನೊಂದು ಸಲ ಹೇಳಿದೆ, ಮತ್ತೆ ನಕ್ಕಳು. ಆಡುತ್ತಿದ್ದ ಮಾತೂ ತೊದಲು, ಅಜ್ಜಿ ಬಿಡಿಸಿ ಹೇಳಬೇಕು. ‘ಮೌಖಿಕ ಸೂಚನೆ ಪಾಲಿಸುತ್ತಾಳೆಯೇ?’ ಎಂಬ ಕಾಲಂನಲ್ಲಿ ‘ಇಲ್ಲ’ ಎಂದು ಬರೆದು ಸಹಿ ಮಾಡಿದೆ.

ಅದೇ ಫಾರಂ ಹೆಡ್‌ಮಾಸ್ಟರ ಮೇಜಿನ ಮೇಲಿತ್ತು, ನಾನು ಅವರನ್ನು ಒಪ್ಪಿಸಲು ಹೋದ ದಿನ. ಅವರು ಕೆಟ್ಟ ಮನುಷ್ಯರಲ್ಲ. ಮೊದಲು ಟೀ ತರಿಸಿದರು. ನನ್ನ ಚಾರ್ಟನ್ನು ಪೂರ್ತಿ ನೋಡಿದರು. ಈ ಮಕ್ಕಳು ನಿಧಾನವಾಗಿ ಕಲಿಯುತ್ತಾರೆ, ಆದರೆ ಕಲಿಯುತ್ತಾರೆ, ಕೇಳಿ ಕಲಿಯುವುದಕ್ಕಿಂತ ನೋಡಿ ಚೆನ್ನಾಗಿ ಕಲಿಯುತ್ತಾರೆ ಎಂದೆಲ್ಲ ಹೇಳಿದೆ. ನನ್ನ ದನಿ ನನಗೇ ಬಸ್‌ಸ್ಟ್ಯಾಂಡಿನ ಮೈಕಿನ ಹಾಗೆ ಕೇಳಿಸುತ್ತಿತ್ತು.

“ಮೇಡಂ, ನಾನು ಆ ಹುಡುಗೀನ ಇಲ್ಲಿಗೆ ಕರೆಸಿ ನೋಡಿದೀನಿ,” ಅಂದರು. “ಇಲ್ಲೇ ನಿಲ್ಲಿಸಿ, ಆ ಡಸ್ಟರ್ ತಗೊಂಡ್ ಬಾಮ್ಮ ಅಂದೆ. ಮೂರು ಸಲ ಅಂದೆ. ನಿಂತೇ ಇದ್ಲು. ನಂಗೆ ಟೀಚರ್ಸ್ ಕಮ್ಮಿ, ಐದನೇ ಕ್ಲಾಸು ನಾನೇ ತಗೋಬೇಕು. ಹೇಳಿದ್ದು ಅರ್ಥನೇ ಆಗಲ್ಲ ಅಂದ್ರೆ ನಾನೇನು ಮಾಡ್ಲಿ? ನನ್ ಮಾತು ಬಿಡಿ, ನೀವೇ ಬರ್ದಿದೀರಲ್ಲ.”

ಫಾರಂ ನನ್ನ ಕಡೆ ತಿರುಗಿಸಿದರು. ‘ಇಲ್ಲ.’ ಕೆಳಗೆ ನನ್ನ ಸಹಿ.

ನಾನು ಟೀ ಕುಡಿದು, ಆ ಫಾರಂ ಬ್ಯಾಗಿಗೆ ಹಾಕಿಕೊಂಡು ಎದ್ದು ಬಂದೆ. ಮನೆಯಲ್ಲೇ ಪಾಠ ಎಂದು ಬರೆದುಕೊಟ್ಟುಬಿಡೋಣ ಅಂತಲೇ ಇತ್ತು ಮನಸ್ಸಿನಲ್ಲಿ. ಅದಕ್ಕೆ ತಾಯಿಯ ಸಹಿ ಬೇಕು. ಸಹಿ ಹಾಕಿಸಲು ನಾಲ್ಕನೇ ಸಲ ಆ ಮನೆಗೆ ಹೋದೆ.

ಅವತ್ತು ಗೂಡು ಬಿಡಿಸುವ ದಿನ. ಮನೆ ಬಾಗಿಲು ಹಾರು ಹೊಡೆದಿತ್ತು. ಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ತಡೆಯಿಲ್ಲ, ಅಕ್ಕಪಕ್ಕದವರೆಲ್ಲ ಬಂದು ಕೈ ಜೋಡಿಸುತ್ತಾರೆ. “ಬನ್ನಿ ಮೇಡಮ್ಮ, ಒಳೀಕ್ ಬನ್ನಿ. ಇವತ್ತು ಯಾರ್ ಬಂದ್ರೂ ಆಯ್ತದೆ,” ಎಂದು ತಾಯಿ ತಾನೇ ಚಾಪೆ ಹಾಕಿದಳು. ಚಂದ್ರಿಕೆ ಎಂಬ ಬಿದಿರ ತಟ್ಟೆಗಳಿಂದ ಹೆಂಗಸರು ಹಳದಿ ಗೂಡುಗಳನ್ನು ಕಿತ್ತು ರಾಶಿ ಹಾಕುತ್ತಿದ್ದರು. ರಾಶಿಯ ಮುಂದೆ ಕೂತು ಆರಿಸುತ್ತಿದ್ದವಳು ಹುಡುಗಿ. ಬ್ಯಾಗು ಬೆನ್ನಿನ ಮೇಲೆಯೇ ಇತ್ತು.

ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಒಂದು ಬುಟ್ಟಿಗೆ, ಕಲೆಯಾದದ್ದು ಇನ್ನೊಂದಕ್ಕೆ, ತೆಳುವಾದದ್ದು ಮತ್ತೊಂದಕ್ಕೆ. ಅನುಮಾನ ಬಂದ ಗೂಡನ್ನು ಮುಖದ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗಿನ ಹುಳು ಸರಿಯಾಗಿದ್ದರೆ ಟಕಟಕ ಎನ್ನುತ್ತದೆ, ಸತ್ತು ಅಂಟಿಕೊಂಡಿದ್ದರೆ ಸದ್ದಿಲ್ಲ. ನಾನು ಅವಳು ಆರಿಸಿಟ್ಟ ಬುಟ್ಟಿಯಿಂದ ಹತ್ತಿಪ್ಪತ್ತು ಗೂಡು ತೆಗೆದು ಅಲ್ಲಾಡಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ.

ಸಹಿ ಹಾಕಿಸಬೇಕಿದ್ದ ಫಾರಂ ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಹೆಡ್‌ಮಾಸ್ಟರಿಗೆ ಫೋನು ಮಾಡಿ, ಚಾರ್ಟು ಗೀರ್ಟು ಏನೂ ಬೇಡ ಸರ್, ಒಂದ್ಸಲ ಬಂದು ಕಣ್ಣಾರೆ ನೋಡಿ ಅಂದೆ. ಅವರು ಬೈಕಿನಲ್ಲಿ ಬಂದೇ ಬಂದರು. ಅರ್ಧ ಗಂಟೆ ನಿಂತು ನೋಡಿದರು. ತಾವೂ ಒಂದೆರಡು ಗೂಡು ಅಲ್ಲಾಡಿಸಿದರು. ನಾನು ಕೆಲಸ ಗೆದ್ದೆ ಅಂದುಕೊಂಡು ನಿಂತಿದ್ದೆ.

“ಪರವಾಗಿಲ್ವೇ! ಎಷ್ಟು ಚೆನ್ನಾಗಿ ಕಲ್ತವ್ಳೆ,” ಅಂದರು. ಆಮೇಲೆ ಚಂದ್ರಿಕೆ ಹೊತ್ತು ತರುತ್ತಿದ್ದ ಹುಡುಗಿಯ ತಂದೆಯ ಕಡೆ ತಿರುಗಿ, “ಇಷ್ಟು ಕೆಲಸ ಬತ್ತದಲ್ಲಪ್ಪ. ಇನ್ನು ಸ್ಕೂಲಿಗೆ ಬಂದು ಸುಮ್ನೆ ಕೂತ್ಕೊಂಡು ಏನ್ ಮಾಡ್ಬೇಕು? ಮನೇಲೇ ಇದ್ರೆ ನಿಮಗೂ ಕೈ ಆಯ್ತದೆ,” ಅಂದರು.

ತಂದೆ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. “ನಂಗೂ ಅದೇ ಅನ್ಸದು ಸಾ. ಎರಡು ಮೈಲಿ ಕಳಿಸಿ, ಅಲ್ಲಿ ಹೈಕ್ಳು ಆಡ್ಕಂಡು ನಗೋದು... ಮೇಡಮ್ಮ, ನೀವ್ ಬೇಜಾರ್ ಮಾಡ್ಕಬೇಡಿ. ಇದಾದ್ರೆ ನಮ್ ಕಣ್ಮುಂದೆ ಇರ್ತಾಳೆ.”

ನಾನು ತೋಡಿದ ಹಳ್ಳಕ್ಕೆ ಹುಡುಗಿ ಬಿದ್ದಿದ್ದಳು. ಅವಳಿಗೆ ಏನು ಬರುತ್ತದೆ ಎಂದು ತೋರಿಸಲು ಹೋಗಿ, ಅವಳಿಗೆ ಇನ್ನೇನೂ ಬೇಡ ಎಂದು ತೋರಿಸಿದ್ದೆ. ಮಾತು ತಲೆಯ ಮೇಲೆಯೇ ನಡೆಯುತ್ತಿದ್ದರೂ ಅವಳು ತಲೆ ಎತ್ತಲಿಲ್ಲ. ಗೂಡು ಆರಿಸುತ್ತಲೇ ಇದ್ದಳು.

ಏನಾದರೂ ಹೇಳಬೇಕಲ್ಲ ಎಂದು, “ಇಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳೋ ಕಿವಿ ಸರ್ ಅವಳದು,” ಅಂದೆ.

“ಕಿವಿಗೆಲ್ಲಿ ಇಟ್ಕತಾಳೆ ಮೇಡಮ್ಮ,” ಅಂದಳು ತಾಯಿ. “ನೋಡಿ ಸರ್ಯಾಗಿ. ಕೆನ್ನೆಗೆ ಒತ್ಕತಾಳೆ. ಮೊದಲಿಂದ್ಲೂ ಹಂಗೆಯ.”

ನೋಡಿದೆ. ನಿಜ. ಹುಡುಗಿ ಗೂಡನ್ನು ಕಿವಿಗಲ್ಲ, ಕಣ್ಣಿನ ಕೆಳಗಿನ ಮೂಳೆಗೆ ಒತ್ತಿ ಹಿಡಿಯುತ್ತಿದ್ದಳು. ಹುಳು ಬಡಿಯುವುದು ಅವಳಿಗೆ ಕೇಳಿಸುತ್ತಿರಲಿಲ್ಲ, ತಾಗುತ್ತಿತ್ತು.

“ಅವ್ಳನ್ನ ನೀವು ಹೆಂಗೆ ಕರೀತೀರಾ?” ಎಂದು ತಾಯಿಯನ್ನು ಕೇಳಿದೆ.

“ಹೆಂಗೆ ಅಂದ್ರೆ? ಭುಜ ಮುಟ್ಟಿ ಕರೀತೀನಿ. ಕೂಗಿದ್ರೆ ತಿರುಗ್ತಾಳಾ ಅವ್ಳು? ಮನಸ್ಸು ಬಂದ್ರೆ ತಿರುಗ್ತಾಳೆ, ಇಲ್ದಿದ್ರಿಲ್ಲ. ಬುದ್ಧಿ ಕಮ್ಮಿ ಅಲ್ವಾ, ಅದ್ಕೇ ಅಂದ್ಕಂಡಿದ್ದೋ.”

ನಾನು ಹುಡುಗಿಯ ಹಿಂದೆ ಹೋಗಿ ನಿಂತೆ. ಮೊದಲು ಹೆಸರು ಹಿಡಿದು ಮೆಲ್ಲಗೆ ಕರೆದೆ. ಆಮೇಲೆ ಮಾಮೂಲು ದನಿಯಲ್ಲಿ ಕರೆದೆ. ಅವಳು ಒಂದು ಜೋಡಿ ಗೂಡನ್ನು ಬುಟ್ಟಿಗೆ ಹಾಕಿದಳು. ಜೋರಾಗಿ ಚಪ್ಪಾಳೆ ತಟ್ಟಿದಾಗ ತಿರುಗಿ ನನ್ನನ್ನು ನೋಡಿ ನಕ್ಕಳು. ಜಗಲಿಯ ಮೇಲೆ ನಕ್ಕ ಅದೇ ನಗು.

ಈ ಮಕ್ಕಳಲ್ಲಿ ಕಿವಿಯ ತೊಂದರೆ ಸಾಮಾನ್ಯ. ನನ್ನ ವಿವರಣೆಯಲ್ಲಿ ಹೃದಯದ ಸಾಲಿನ ನಂತರ ಬರುವ ಸಾಲು ಅದು. ಎಷ್ಟೋ ಮನೆಗಳಲ್ಲಿ ಬಾಯಿಪಾಠ ಒಪ್ಪಿಸಿದ್ದೇನೆ. ಈ ಹುಡುಗಿಯ ಅಜ್ಜಿಗೂ ಹೇಳಿದ್ದೆ. ಮಾಗಡಿಯಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದ್ದೆ. ಹೇಳಿದ್ದೆ, ನೋಡಿರಲಿಲ್ಲ. ಒಳಗೆ ಏನಾದರೂ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಚುಚ್ಚದೇ ಇದ್ದದ್ದಕ್ಕೆ ನಾಚಿಕೆಯಾಯಿತು.

ಅಲ್ಲೇ ಚಾಪೆಯ ಮೇಲೆ ಕೂತು ಹಳೆಯ ಫಾರಂ ತೆಗೆದೆ. ‘ಇಲ್ಲ’ ಎಂಬುದನ್ನು ಹೊಡೆದು ಹಾಕಿ, ‘ಕಿವಿ ಪರೀಕ್ಷೆ ಮಾಡಿಸದೆ ಬರೆದದ್ದು. ನನ್ನ ತಪ್ಪು’ ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದೆ. ‘ಪೋಷಕರ ಸಹಕಾರ: ಕಡಿಮೆ’ ಎಂಬುದನ್ನೂ ಹೊಡೆದೆ. ಸರ್ಕಾರಿ ಕಾಗದದಲ್ಲಿ ಹೀಗೆ ಬರೆಯುವಂತಿಲ್ಲ. ಹೆಡ್‌ಮಾಸ್ಟರು ಬಗ್ಗಿ ಓದಿ, “ಇದೆಲ್ಲ ಯಾಕೆ ಮೇಡಂ, ಹೊಸ ಫಾರಂ ಹಾಕಿದ್ರೆ ಆಯ್ತಲ್ಲ,” ಅಂದರು.

“ಇದೇ ಇರಲಿ ಸರ್. ಮನೆಯಲ್ಲೇ ಪಾಠ ಅಂತ ನಾನು ಬರ್ದುಕೊಡಲ್ಲ. ಶಾಲೆ ತೆರೆಯೋಷ್ಟರಲ್ಲಿ ಇನ್ನೊಂದ್ಸಲ ನಿಮ್ಮ ಹತ್ರ ಬರ್ತೀವಿ. ಆಮೇಲೂ ಬೇಡ ಅಂದ್ರೆ ಬೇಡ ಅನ್ನಿ.”

ಅವರು ಫಾರಂ ಇನ್ನೊಮ್ಮೆ ಓದಿ ಬೈಕು ಹತ್ತಿದರು.

ಗೂಡು ಮಾರಿ ಬಂದ ಮಾರನೇ ದಿನ ತಾಯಿ, ಹುಡುಗಿ, ನಾನು ಮೂವರೂ ರಾಮನಗರದ ದೊಡ್ಡಾಸ್ಪತ್ರೆಗೆ ಹೋದೆವು. ಕಿವಿ ಡಾಕ್ಟರು ಎರಡೂ ಕಿವಿಯೊಳಗೆ ನೀರು ಕಟ್ಟಿಕೊಂಡಿದೆ, ಮೆಲ್ಲಗೆ ಆಡಿದ ಮಾತು ಇವಳಿಗೆ ಕೇಳಿಸುವುದೇ ಇಲ್ಲ, ಗದ್ದಲವಿದ್ದರೆ ಜೋರು ಮಾತೂ ಕಲಸಿಹೋಗುತ್ತದೆ ಎಂದರು. ಔಷಧಿ ಬರೆದರು. ಮೂರು ತಿಂಗಳು ನೋಡೋಣ, ಬತ್ತದಿದ್ದರೆ ಚಿಕ್ಕ ಆಪರೇಷನ್ನು ಎಂದರು. ತಾಯಿ ಅಲ್ಲಿಯೇ ಅತ್ತಳು. “ಎಷ್ಟ್ ಹೊಡ್ದಿವ್ನಿ ಮೇಡಮ್ಮ ನಾನು, ಕರುದ್ರೆ ಬರಲ್ಲ ಅಂತವ,” ಎಂದು ಮತ್ತೆ ಮತ್ತೆ ಹೇಳಿದಳು. ಹುಡುಗಿ ತಾಯಿಯ ಸೆರಗಿನಿಂದಲೇ ಅವಳ ಕಣ್ಣು ಒರೆಸಿದಳು.

ಹೃದಯವನ್ನೂ ನೋಡಿಸಬೇಕು ಎಂದು ನಾನು ಹಟ ಹಿಡಿದೆ. ಆ ಸ್ಕ್ಯಾನಿಗೆ ಬೆಂಗಳೂರಿಗೇ ಹೋಗಬೇಕಾಯಿತು. ಒಳಗೆ ಅವಳನ್ನು ಮಲಗಿಸಿದ್ದಾಗ ನಾನು ಕಾರಿಡಾರಿನ ಬೆಂಚಿನ ಮೇಲೆ ಅವಳ ಬ್ಯಾಗು ಹಿಡಿದು ಕೂತಿದ್ದೆ. ಬಿಚ್ಚಿ ನೋಡಿದೆ. ನಾಲ್ಕನೇ ತರಗತಿಯ ಕನ್ನಡ ಪುಸ್ತಕ, ಒಂದು ಸ್ಲೇಟು, ಒಂದು ಹಳದಿ ಗೂಡು. ಏನೂ ತೊಂದರೆ ಇಲ್ಲ ಎಂದು ಹೊರಗೆ ಬಂದು ಹೇಳಿದರು. ನಾನು ಇನ್ನೊಂದ್ಸಲ ಕೇಳಿದೆ. ಏನೂ ಇಲ್ಲ ಎಂದು ಇನ್ನೊಂದ್ಸಲ ಹೇಳಿದರು. ಆಗ ಎದ್ದು ನಿಂತೆ.

ಶಾಲೆ ತೆರೆಯುವ ಮುಂಚಿನ ದಿನ ಹುಡುಗಿ, ತಾಯಿ, ನಾನು ಹೆಡ್‌ಮಾಸ್ಟರ ಕೋಣೆಗೆ ಹೋದೆವು. ಚಾರ್ಟನ್ನು ಮನೆಯಲ್ಲೇ ಬಿಟ್ಟಿದ್ದೆ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ನಾಲ್ಕು ಮಾತು ಬರೆದುಕೊಂಡಿದ್ದೆ. ಮೊದಲು ಭುಜ ಮುಟ್ಟಿ. ಎದುರಿಗೆ ನಿಂತು, ತೋರಿಸಿ ಹೇಳಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ. ಕೊನೆಯದು ಕಿವಿಗಲ್ಲ. ಕೇಳಿಸಿದ ಮೇಲೂ ಅದು ಒಳಗೆ ಹೋಗಿ ಕೈಕಾಲಿಗೆ ಬರಲು ಈ ಮಕ್ಕಳಿಗೆ ಒಸಿ ಹೊತ್ತು ಬೇಕು. ನಾವು ಅಷ್ಟರೊಳಗೆ ಮತ್ತೆ ಹೇಳಿ ಕೆಡಿಸುತ್ತೇವೆ.

ಹೆಡ್‌ಮಾಸ್ಟರು ಫ್ಯಾನು ಆರಿಸಿದರು. ಕುರ್ಚಿಯಿಂದ ಎದ್ದು ಬಂದು ಹುಡುಗಿಯ ಭುಜ ಮುಟ್ಟಿದರು. ಮೇಜಿನ ಮೇಲಿನ ಡಸ್ಟರು ತೋರಿಸಿ, “ತಗೊಂಡ್ ಬಾಮ್ಮ,” ಅಂದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತರು. ಹುಡುಗಿ ಅವರನ್ನು ನೋಡಿದಳು. ಡಸ್ಟರು ನೋಡಿದಳು. ಏನೂ ನಡೆಯಲಿಲ್ಲ. ಅವರು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು. ತಾಯಿ ಸೆರಗು ಕಚ್ಚಿಕೊಂಡಿದ್ದಳು. ಹುಡುಗಿ ಮೇಜಿನ ಹತ್ತಿರ ಹೋದಳು, ಡಸ್ಟರು ತೆಗೆದುಕೊಂಡಳು, ತಂದು ಅವರ ಕೈಗಿಟ್ಟಳು. ಅಲ್ಲಿಂದ ಹಾಗೇ ಬೆನ್ನು ತಿರುಗಿಸಿ, ಬ್ಯಾಗು ತೋರಿಸಿ, “ಇಸ್ಕೂಲಿಗೆ ಬತ್ತೀನಿ,” ಅಂದಳು.

ಅವರು ಡಸ್ಟರನ್ನು ಮತ್ತೆ ಮೇಜಿನ ಮೇಲಿಟ್ಟರು. “ಹತ್ತು ಎಣಿಸೋ ತಾಳ್ಮೆ ನಂಗಿರಬೇಕಲ್ಲ ಮೇಡಂ. ದಿನಾ.”

“ನನಗೂ ಇರಲಿಲ್ಲ ಸರ್.”

“ಒಂದು ತಿಂಗಳು ನೋಡ್ತೀನಿ,” ಅಂದರು. ಅಷ್ಟೇ ಅಂದದ್ದು. ದಾಖಲಾತಿ ಫಾರಂ ಕೊಟ್ಟರು.

ಮೊದಲ ವಾರ ಮುಗಿದ ಮೇಲೆ ನೋಡಲು ಹೋದೆ. ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗಿದ್ದರು. ನಾನು ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತೆ. ಹುಡುಗಿ ಮೊದಲ ಬೆಂಚಿನಲ್ಲಿದ್ದಳು. ಬ್ಯಾಗು ಬೆನ್ನಿನಿಂದ ಇಳಿದು ಕಾಲ ಹತ್ತಿರ ಇತ್ತು. ಹೆಡ್‌ಮಾಸ್ಟರು ಹಾಜರಿ ಕೂಗುತ್ತಿದ್ದರು. ಅವಳ ಹೆಸರು ಬಂತು. ಅವರು ತಲೆ ಎತ್ತಿ ಅವಳನ್ನು ನೋಡಿ ಇನ್ನೊಮ್ಮೆ ಹೆಸರು ಹೇಳಿ ನಿಲ್ಲಿಸಿದರು.

ನಾನು ಎಣಿಸಲು ಶುರು ಮಾಡಿದೆ. ಐದರ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಏಳು. ಎಂಟು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಒಂಬತ್ತು. ಹತ್ತು. ಆಗಲಿಲ್ಲ. ಹತ್ತು ಎಂದು ಬರೆದುಕೊಟ್ಟವಳು ನಾನೇ, ಹತ್ತಕ್ಕೆ ನಿಲ್ಲಿಸಿ ಬ್ಯಾಗು ಎತ್ತಿಕೊಂಡೆ. ನನಗೆ ಬೇಸರವೂ ಆಗಲಿಲ್ಲ. ಎಷ್ಟೋ ಸಲ ಹೀಗೆಯೇ ಆಗುತ್ತದೆ.

ಒಳಗೆ ಇನ್ನೂ ಸದ್ದಿರಲಿಲ್ಲ. ಮುಂದಿನ ಹೆಸರು ಕೂಗಿರಲಿಲ್ಲ. ತಿರುಗಿ ನೋಡಿದೆ. ಹೆಡ್‌ಮಾಸ್ಟರು ಪೆನ್ನನ್ನು ರಿಜಿಸ್ಟರಿನ ಮೇಲೆ ಎತ್ತಿ ಹಿಡಿದುಕೊಂಡು ಹಾಗೇ ಕೂತಿದ್ದರು. ಇನ್ನೊಂದು ಕೈಯನ್ನು ಹಿಂದಿನ ಬೆಂಚಿನವರ ಕಡೆ ಎತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡುತ್ತಿದ್ದರು. ಅವರು ಎಣಿಸುತ್ತಿರಲಿಲ್ಲ. ಕಾಯುತ್ತಿದ್ದರು.

“ಬಂದಿವ್ನಿ ಸಾ,” ಅಂದಳು ಹುಡುಗಿ.

ಅವರು ಬರೆದುಕೊಂಡು ಮುಂದಿನ ಹೆಸರು ಕೂಗಿದರು. ನಾನು ಹೊರಗೆ ಬಂದು ಸ್ಕೂಟಿಯ ಮೇಲೆ ಕೂತೆ. ಕೀಲಿ ಹಾಕದೆ, ಕೊನೆಯ ಹೆಸರು ಕೂಗುವವರೆಗೂ ಅಲ್ಲೇ ಕೂತು ಕೇಳಿದೆ; ಜೋಮು ಬಿಡುವಾಗಿನ ಹಾಗೆ ಒಳಗೆಲ್ಲೋ ಚುಚ್ಚತೊಡಗಿತ್ತು.